ಬೀಗರು ಮುಂಬೈಗೆ ಬರುತ್ತಿದ್ದಾರೆ, ಊಟಕ್ಕೆ ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಈಗ ಡೊಂಬಿವಲಿಯಲ್ಲಿದ್ದೇವೆ. ಮಗಳ ಸಂಬಂಧ ದಾವಣಗೆರೆಯಲ್ಲಿ ಗಟ್ಟಿಯಾಗಿದೆ. ಮುಂದಿನ ತಿಂಗಳು ಹುಡುಗನ ಮನೆಯವರು ಏಳು ಜನ ಮೊದಲ ಸಲ ಮುಂಬೈ ನೋಡಲು ಬರುತ್ತಾರೆ. ಶುಕ್ರವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ರೈಲಿಗೆ ಹೊರಡುತ್ತಾರೆ. ನಮ್ಮ ಮನೆ ಚಿಕ್ಕದು, ಹಾಗಾಗಿ ದಾದರ್‌ನಲ್ಲಿ ಲಾಡ್ಜ್ ಗೊತ್ತುಮಾಡಿದ್ದೇವೆ. ಹುಡುಗನ ಅಜ್ಜಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮಂಡಿ ನೋವೂ ಇದೆ. ಬೀಗರಿಗೆ ಸಕ್ಕರೆ ಕಾಯಿಲೆ. ಹುಡುಗನಿಗೂ ಅವನ ತಮ್ಮನಿಗೂ ಮುಂಬೈಯ ಏಡಿ ತಿನ್ನುವ ಆಸೆಯಂತೆ, ಹಿರಿಯರ ಎದುರಲ್ಲಿ ಅಲ್ಲ. ನಮ್ಮ ಯಜಮಾನರು ಮರ್ಯಾದೆಗಾಗಿ ಒಂದು ದಿನ ಫೈವ್ ಸ್ಟಾರ್ ಬಫೆಗೆ ಹೋಗೋಣ ಅನ್ನುತ್ತಾರೆ. ಪಕ್ಕದ ಮನೆಯವರು ಸ್ಟಾರ್ ರೇಟಿಂಗ್ ನೋಡದೆ ಎಲ್ಲಿಗೂ ಹೋಗಬೇಡಿ ಅನ್ನುತ್ತಾರೆ. ಅಣ್ಣನ ಮಗ ದಿನಕ್ಕೊಂದು ರೀಲ್ ಕಳಿಸುತ್ತಿದ್ದಾನೆ. ಬೀಗರು "ಮುಂಬೈವರೆಗೆ ಹೋಗಿ ದೋಸೆ ತಿಂದು ಬಂದೆವು" ಅನ್ನಬಾರದು, ಅಜ್ಜಿ ಉಪವಾಸ ಬೀಳಬಾರದು. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಹೋಟೆಲಿನ ಹೆಸರು, ಹೆದರಿಕೆ ಇರುವುದು ಬೀಗರ ಮಾತಿಗೆ. ಅದು ಸಹಜವೇ. ಹೋಟೆಲಿನಲ್ಲಿ ಮಾಣಿಗಳ ಮೇಲ್ವಿಚಾರಕ, ಅಂದರೆ ಕ್ಯಾಪ್ಟನ್ ಆಗಿ, ಆಮೇಲೆ ಮ್ಯಾನೇಜರ್ ಆಗಿ, ಈಗ ಬೇರೆಯವರ ಹೋಟೆಲುಗಳಿಗೆ ಸಲಹೆ ಹೇಳುವವನಾಗಿ ಇಂಥ ಟೇಬಲುಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಊರಿಂದ ಬಂದ ನೆಂಟರ ಗುಂಪನ್ನು ಬಾಗಿಲಲ್ಲೇ ಗುರುತು ಹಿಡಿಯಬಹುದು. ಕರೆದುಕೊಂಡು ಬಂದವರು ಮುಂದೆ, ನೆಂಟರು ಅವರ ಹಿಂದೆ, ಎಲ್ಲರಿಗಿಂತ ಹಿಂದೆ ಯಾರದೋ ಕೈ ಹಿಡಿದು ಬರುವ ಒಬ್ಬ ಹಿರಿಯರು. ಆ ಊಟ ಕೆಟ್ಟರೆ ಹೆಚ್ಚಿನ ಸಲ ಅಡುಗೆ ಕಾರಣವಲ್ಲ. ಒಂದೂವರೆ ಗಂಟೆ ಟ್ಯಾಕ್ಸಿಯಲ್ಲಿ ಕೂತು, ಮುಕ್ಕಾಲು ಗಂಟೆ ಬಾಗಿಲಲ್ಲಿ ಕಾದು, ಮೂರಕ್ಕೆ ತಟ್ಟೆ ಮುಂದೆ ಕೂತವರಿಗೆ ಏನು ಬಡಿಸಿದರೂ ಸಪ್ಪೆಯೇ.

ಆದ್ದರಿಂದ ಹೋಟೆಲಿನಿಂದ ಶುರುಮಾಡಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ ನೀವೆಲ್ಲ ಎಲ್ಲಿರುತ್ತೀರಿ ಎಂದು ಮೊದಲು ಬರೆದುಕೊಳ್ಳಿ. ಅಲ್ಲಿಂದ ಕಾಲು ಗಂಟೆಯ ದಾರಿಯಲ್ಲಿ ಅಜ್ಜಿ ಕೂತು ಉಣ್ಣಬಹುದಾದ ಜಾಗ ಹುಡುಕಿ. ಏಳು ಜನರಲ್ಲಿ ಆರು ಜನ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತಾರೆ. ಅಜ್ಜಿಗೆ ಸರಿಹೋದರೆ ಬೀಗಿತ್ತಿಗೆ ಅರ್ಧ ತೃಪ್ತಿ ಆದಂತೆಯೇ.

ಸ್ಟಾರ್ ರೇಟಿಂಗ್ ವಿಚಾರ. ಅದು ಪೂರಾ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. ರಾತ್ರಿ ಒಂಬತ್ತಕ್ಕೆ ಗೆಳೆಯರ ಜೊತೆ ಬಂದು ಬಿರಿಯಾನಿ ತಿಂದು ಐದು ಸ್ಟಾರ್ ಕೊಟ್ಟ ಹುಡುಗನಿಗೆ ಆ ಹೋಟೆಲಿಗೆ ಎಷ್ಟು ಮೆಟ್ಟಿಲು ಎಂಬ ನೆನಪೂ ಇರುವುದಿಲ್ಲ. ಅದನ್ನು ನೋಡಲೇಬೇಕೆಂದರೆ ಹೊಸ ಅಭಿಪ್ರಾಯಗಳನ್ನು ಮೊದಲು ತೋರಿಸುವಂತೆ ಮಾಡಿಕೊಳ್ಳಿ. ಇತ್ತೀಚೆಗೆ ಯಾರಾದರೂ ಹಾಕಿದ ಮೆನು ಕಾರ್ಡಿನ ಫೋಟೊ ಹುಡುಕಿ, ಕಾಯಿಸಿದರು ಎಂಬ ದೂರು ಎಷ್ಟಿದೆ ನೋಡಿ. ಇಷ್ಟು ಸಾಕು. ರೀಲ್‌ಗಳ ಬಗ್ಗೆ ನನ್ನದು ಒಂದೇ ಮಾತು: ರೀಲ್‌ನಲ್ಲಿ ಬೆಣ್ಣೆ ಕಾಣುತ್ತದೆ, ಕ್ಯೂ ಕಾಣುವುದಿಲ್ಲ.

ಕ್ಯೂ ಇದ್ದರೆ ಹೋಟೆಲ್ ಚೆನ್ನಾಗಿದೆ ಅನ್ನುತ್ತಾರಲ್ಲ, ಅದರಲ್ಲಿ ನಿಜವಿದೆ. ಮುಂಬೈಯ ಸೆಖೆಗೆ ದೋಸೆ ಹಿಟ್ಟು ಬೇಗ ಹುಳಿಯಾಗುತ್ತದೆ, ತೆಂಗಿನಕಾಯಿ ಚಟ್ನಿ ಹೊರಗಿಟ್ಟರೆ ಎರಡು-ಮೂರು ಗಂಟೆ ಕಳೆಯುವುದೂ ಕಷ್ಟ. ಗಿರಾಕಿ ಜಾಸ್ತಿ ಇರುವ ಕಡೆ ಯಾವುದೂ ಉಳಿಯುವುದಿಲ್ಲ, ಹಾಗಾಗಿ ಹಳಸುವುದೂ ಇಲ್ಲ. ಅಡುಗೆಯ ದೃಷ್ಟಿಯಿಂದ ಕ್ಯೂ ಒಳ್ಳೆಯ ಲಕ್ಷಣ, ಮಂಡಿನೋವಿನ ಅಜ್ಜಿಗೆ ಮಾತ್ರ ಕೆಟ್ಟದ್ದು. ಅದೇ ಹೋಟೆಲಿಗೆ ಕ್ಯೂ ಇಲ್ಲದ ಹೊತ್ತಿನಲ್ಲಿ ಹೋದರಾಯಿತು.

ಇನ್ನು ದೋಸೆ. ಬೆಣ್ಣೆದೋಸೆಯ ಊರಿನವರನ್ನು ಮುಂಬೈಯಲ್ಲಿ ದೋಸೆಗೆ ಕರೆದೊಯ್ಯುವುದು ಸೋಲುವ ಪಂದ್ಯ ಎಂಬ ನಿಮ್ಮ ಭಯ ಅರ್ಧ ಸರಿ. ಇಲ್ಲಿಯ ಉಡುಪಿ ಹೋಟೆಲ್ ಊರಿನ ಉಡುಪಿ ಹೋಟೆಲಲ್ಲ. ಗುಜರಾತಿ, ಮರಾಠಿ ಗಿರಾಕಿಗಳ ನಾಲಿಗೆಗೆ ಸಾಂಬಾರು ಸಿಹಿಯಾಯಿತು; ಮೆನುವಿಗೆ ಪಾವ್‌ಭಾಜಿ, ಪನೀರ್, ಚೈನೀಸ್ ಎಲ್ಲ ಬಂದವು. ಇಲ್ಲಿಯ ಮೈಸೂರು ಮಸಾಲೆ ದೋಸೆಯನ್ನೇ ನೋಡಿ. ರಸ್ತೆ ಬದಿಯ ತವಾದ ಮೇಲೆ ದೋಸೆ ಹುಯ್ದು, ಅದರ ನಡುವೆಯೇ ಬೆಣ್ಣೆ, ಕೆಂಪು ಚಟ್ನಿ, ಹೆಚ್ಚಿದ ತರಕಾರಿ, ಬಟಾಟೆ ಭಾಜಿ, ಒಂದು ಚಿಟಿಕೆ ಪಾವ್‌ಭಾಜಿ ಮಸಾಲೆ ಹಾಕಿ, ಸ್ಟೀಲಿನ ಮ್ಯಾಶರ್‌ನಿಂದ ದೋಸೆಯ ಮೇಲೇ ಟಕಟಕ ಕುಟ್ಟಿ ಹರಡುತ್ತಾರೆ. ಮೈಸೂರಿನವರು ಕಂಡರೆ ಹೌಹಾರುತ್ತಾರೆ. ಆದರೆ ಹುಡುಗರಿಗೆ ಒಂದು ಪ್ಲೇಟ್ ತಿನ್ನಿಸಿ. ದಾವಣಗೆರೆಯಲ್ಲಿ ಸಿಗದ ವಸ್ತು ಅದು.

ಹಾಗೆಂದು ನಮ್ಮವರ ಹಳೆಯ ಹೋಟೆಲುಗಳಿರುವ ಮಾಟುಂಗಾ ಬಿಡಬೇಡಿ. ಅಲ್ಲಿಗೆ ಹೋಗುವುದು ದೋಸೆಗಾಗಿ ಅಲ್ಲ, ನಮ್ಮವರ ಕತೆಗಾಗಿ. ಊರು ಬಿಟ್ಟು ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಊರಿದು. 1939ರ ರಾಮ ಆಶ್ರಯ, ಕಾಮತರು 1940ರಲ್ಲಿ ತೆರೆದ ಕೆಫೆ ಮದ್ರಾಸ್, ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಮೂರೂ ಒಂದೇ ಪೇಟೆಯಲ್ಲಿವೆ. ಕನ್ನಡಿಗರ ಸಂಘವಾದ 1926ರ ಮೈಸೂರ್ ಅಸೋಸಿಯೇಶನ್ನೂ ಅಲ್ಲೇ. ದಾದರಿನಿಂದ ಟ್ಯಾಕ್ಸಿಗೆ ಸಮೀಪ. ಶುಕ್ರವಾರ ಬೆಳಿಗ್ಗೆ ರೈಲಿಳಿದು ಸ್ನಾನ ಮುಗಿಸಿದ ಮೇಲೆ ಎಂಟರ ಒಳಗೆ ಹೋಗಿಬಿಡಿ. ಶನಿವಾರ, ಭಾನುವಾರ ಅಲ್ಲಿ ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಲ್ಲಬೇಕು. ಕೆಫೆ ಮದ್ರಾಸ್ ಸೋಮವಾರ ರಜೆ, ನಿಮಗೆ ಅದು ಅಡ್ಡಬರುವುದಿಲ್ಲ. ಎಲೆ ಊಟಕ್ಕೆ ರಾಮ ನಾಯಕರಲ್ಲಿಗೆ ಹೋಗುವ ಮನಸ್ಸಾದರೆ ಅದು ಮಾರ್ಕೆಟ್ ಕಟ್ಟಡದ ಮಹಡಿಯ ಮೇಲಿದೆ ಎಂಬುದು ಗಮನದಲ್ಲಿರಲಿ. ಒಂದು ಮಾತನ್ನು ಬೀಗರಿಗೆ ಮೊದಲೇ ಹೇಳಿಡಿ: ಇಂಥ ಕಡೆ ಎಂಟು-ಹತ್ತು ಜನ ಒಟ್ಟಿಗೆ ಕೂರುವ ಟೇಬಲ್ ಇರುವುದಿಲ್ಲ, ಗುಂಪು ಎರಡಾಗುತ್ತದೆ, ಅಪರಿಚಿತರೂ ನಿಮ್ಮ ಟೇಬಲಿಗೇ ಬಂದು ಕೂರಬಹುದು. ಅದು ಇಲ್ಲಿಯ ಪದ್ಧತಿ, ಅಗೌರವವಲ್ಲ.

ಈಗ ಅಜ್ಜಿಯ ಊಟ. ಇಲ್ಲೇ ಎಲ್ಲರೂ ಎಡವುವುದು. ಹೊರಗೆ "ಶುದ್ಧ ಶಾಕಾಹಾರಿ" ಬೋರ್ಡ್ ಇದ್ದರೆ ಒಳಗೆ ಮಾಂಸ, ಮೀನು ಇಲ್ಲ ಎಂದಷ್ಟೇ ತಿಳಿಯಿರಿ. ಗ್ರೇವಿಯ ಬುಡವೇ ಈರುಳ್ಳಿ-ಬೆಳ್ಳುಳ್ಳಿ ಪೇಸ್ಟ್. ಅದು ಬೆಳಿಗ್ಗೆಯೇ ಒಂದು ದೊಡ್ಡ ಪಾತ್ರೆಯಲ್ಲಿ ತಯಾರಾಗಿರುತ್ತದೆ, ಮಧ್ಯಾಹ್ನ ನೀವು "ಈರುಳ್ಳಿ ಬೇಡ" ಅಂದರೆ ಮಾಣಿ ಮೇಲೆ ಉದುರಿಸುವ ಹಸಿ ಈರುಳ್ಳಿಯನ್ನು ಮಾತ್ರ ಬಿಡುತ್ತಾನೆ. ಅವನದು ಸುಳ್ಳಲ್ಲ, ಅವನ ಕೈಲಾಗುವುದು ಅಷ್ಟೇ.

ಹಾಗಾದರೆ ಏನು ಹೇಳಬೇಕು? ಮುಂಬೈಯಲ್ಲಿ "ಜೈನ್" ಅಂದರೆ ಸಾಕು, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕೆಂದು ಅಡುಗೆಮನೆಗೆ ಗೊತ್ತಾಗುತ್ತದೆ. ಆದರೆ ಜೊತೆಗೆ ಬಟಾಟೆ, ಗಜ್ಜರಿ ಮುಂತಾದ ನೆಲದೊಳಗಿನ ಗಡ್ಡೆಗಳೂ ಹೋಗುತ್ತವೆ. ಜೈನ್ ಪಾವ್‌ಭಾಜಿಗೆ ಬಟಾಟೆಯ ಬದಲು ಬಾಳೆಕಾಯಿ ಬೀಳುತ್ತದೆ. ಅಜ್ಜಿಗೆ ಬಟಾಟೆ ನಡೆಯುವುದಾದರೆ ಇದಕ್ಕಿಂತ ಒಳ್ಳೆಯ ದಾರಿ ಮರಾಠಿ ಹೋಟೆಲಿನ ಉಪವಾಸದ ಪದಾರ್ಥಗಳು: ಸಾಬೂದಾನ ಖಿಚಡಿ, ಸಾಬೂದಾನ ವಡೆ, ಉಪವಾಸದ ಮಿಸಳ್, ಕೆಲವು ಕಡೆ ವರಿ (ಸಾಮೆಯಂಥ ಸಿರಿಧಾನ್ಯ) ಅನ್ನ ಮತ್ತು ಶೇಂಗಾ ಆಮಟಿ (ಸಾರು). ಹಸಿಮೆಣಸು, ಜೀರಿಗೆ, ಶೇಂಗಾ, ತುಪ್ಪದಲ್ಲೇ ಇವೆಲ್ಲ ಆಗುತ್ತವೆ. ಈರುಳ್ಳಿ-ಬೆಳ್ಳುಳ್ಳಿಯ ಮಾತೇ ಬರುವುದಿಲ್ಲ. ಉತ್ತರ ಕರ್ನಾಟಕದವರ ನಾಲಿಗೆಗೆ ಶೇಂಗಾ ಹೊಸದೂ ಅಲ್ಲ. ಆದರೆ ಕರಿಯುವ ಎಣ್ಣೆ ಬೇರೆಯೇ ಎಂದು ಕೇಳಿಕೊಳ್ಳಿ. ಕಟ್ಟುನಿಟ್ಟಿನವರಾದರೆ ವಡೆ ಬಿಟ್ಟು ಖಿಚಡಿ ಹೇಳಿ. ಥಾಲಿಪೀಠ ಕಂಡು ಇದು ನಮ್ಮ ರೊಟ್ಟಿಯಂತೆಯೇ ಎಂದು ಅಜ್ಜಿಗೆ ಕೊಟ್ಟುಬಿಡಬೇಡಿ, ಸಾಮಾನ್ಯವಾಗಿ ಅದರ ಹಿಟ್ಟಿಗೇ ಈರುಳ್ಳಿ ಹಾಕಿ ತಟ್ಟುತ್ತಾರೆ.

ಬೀಗರಿಗೆ ಮಾತ್ರ ಇದು ಉಲ್ಟಾ. ಸಾಬೂದಾನ ಅಂದರೆ ಬರೀ ಪಿಷ್ಟ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದಲ್ಲ. ಅವರಿಗೆ ಥಾಲಿಪೀಠ, ಮೊಸರು, ಉಸಳ್ (ಮೊಳಕೆಕಾಳಿನ ಪಲ್ಯ) ಹೇಳಿ. ಪಿಯೂಷ್ ಎಂಬ ಮೊಸರಿನ ಪಾನೀಯ ತರಿಸಿದರೆ ಅದು ಶ್ರೀಖಂಡದಷ್ಟೇ ಸಿಹಿ ಎಂದು ಮೊದಲೇ ಹೇಳಿಬಿಡಿ, ಮಜ್ಜಿಗೆ ಎಂದುಕೊಂಡು ಗಟಗಟ ಕುಡಿಯುವವರನ್ನು ಕಂಡಿದ್ದೇನೆ.

ಶುಕ್ರವಾರ ಮಧ್ಯಾಹ್ನ ಸಿದ್ಧಿವಿನಾಯಕ ಮುಗಿಸಿ ದಾದರಿನಲ್ಲೇ ಊಟ ಮಾಡಿದರೆ ಇದೆಲ್ಲ ಹೊಂದುತ್ತದೆ. ಶಿವಾಜಿ ಪಾರ್ಕ್ ಕಡೆಯ ಪ್ರಕಾಶ್ ಸಾಬೂದಾನ ವಡೆಗೂ ಪಿಯೂಷ್‌ಗೂ ಹೆಸರಾದದ್ದು. ಸೇನಾ ಭವನದ ಹತ್ತಿರದ ಆಸ್ವಾದ್ ಹೋಟೆಲಿನ ಮಿಸಳ್‌ಗೆ 2015ರಲ್ಲಿ ಲಂಡನ್ನಿನಲ್ಲಿ ಪ್ರಶಸ್ತಿಯೂ ಬಂತು. ಮುಂಬೈ ಅಂದರೆ ವಡಾಪಾವ್ ಎಂದುಕೊಂಡು ಬಂದವರಿಗೆ ಕೋಥಿಂಬಿರ್ (ಕೊತ್ತಂಬರಿ ಸೊಪ್ಪಿನ) ವಡಿ, ಅಳೂ (ಕೆಸುವಿನ ಎಲೆಯ) ವಡಿ, ಪುರಣಪೋಳಿ ಒಂದು ಟೇಬಲಿನ ಮೇಲೆ ಕಂಡರೆ ಖುಷಿಯಾಗುತ್ತದೆ. ಪುರಣಪೋಳಿಯನ್ನು ನಮ್ಮ ಹೋಳಿಗೆಯ ಜೊತೆ ಹೋಲಿಸಿ ವಾದ ಶುರುವಾದರಂತೂ ಊಟ ಗೆದ್ದಂತೆ. ಗಿಜಿಗುಡುವ ಜಾಗಗಳಿವು, ಮಧ್ಯಾಹ್ನ ಒಂದರ ಒಳಗೇ ಹೋಗಿಬಿಡಿ.

ಏಡಿ ಕೇಳಿದ ಹುಡುಗರನ್ನು ಹಿರಿಯರ ಜೊತೆ ಒಂದೇ ಟೇಬಲಿಗೆ ಕೂರಿಸುವ ಸಾಹಸ ಬೇಡ. ಎರಡೂ ಸಿಗುವ ಹೋಟೆಲ್ ಹುಡುಕಿದರೆ ಸಿಗುತ್ತದೆ, ಆದರೆ ಪಕ್ಕದ ಟೇಬಲಿಗೆ ಮೀನು-ಮಾಂಸದ ಸುಕ್ಕಾ ಬಂದ ಕ್ಷಣ ಅಜ್ಜಿಯ ಊಟ ಮುಗಿಯಿತು. ಶುಕ್ರವಾರ ರಾತ್ರಿ ಹಿರಿಯರಿಗೆ ಲಾಡ್ಜ್ ಹತ್ತಿರ ಮೊಸರನ್ನವೋ ಇಡ್ಲಿಯೋ ಕೊಡಿಸಿ ಮಲಗಲು ಬಿಡಿ, ಪ್ರಯಾಣದ ಆಯಾಸಕ್ಕೆ ಅವರೂ ಅದನ್ನೇ ಬಯಸುತ್ತಾರೆ. ಹುಡುಗರನ್ನು ನಿಮ್ಮ ಯಜಮಾನರೋ ಅಣ್ಣನ ಮಗನೋ ಫೋರ್ಟ್ ಕಡೆಗೆ ಕರೆದೊಯ್ಯಲಿ. ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತ್ರಿಷ್ಣಾ, ಎಲ್ಲ ಅಲ್ಲೇ ಅಕ್ಕಪಕ್ಕದ ಬೀದಿಗಳಲ್ಲಿವೆ. ಶುಕ್ರವಾರ ಎಂದು ಯಾಕೆ ಹೇಳಿದೆನೆಂದರೆ, ಸೋಮವಾರ, ಗುರುವಾರ, ಶನಿವಾರ ಇಲ್ಲಿ ಬಹಳ ಮನೆಗಳಲ್ಲಿ ಮೀನು ಮಾಡುವುದಿಲ್ಲ. ಬುಧ, ಶುಕ್ರ, ಭಾನುವಾರ ಮೀನಿನ ವಾರ. ವ್ಯಾಪಾರ ಜೋರಿದ್ದ ದಿನ ಮಾಲೂ ತಾಜಾ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ನೆಂಟರು ಆ ತಿಂಗಳುಗಳಲ್ಲಿ ಬಂದರೆ ಪಾಂಫ್ರೆಟ್‌ನಂಥ ಕಡಲ ಮೀನಿಗೆ ದುಡ್ಡು ಸುರಿಯುವ ಮುನ್ನ ಫ್ರೋಜನ್ನೋ ತಾಜಾನೋ ಎಂದು ನೇರವಾಗಿ ಕೇಳಲಿ.

ಏಡಿಯ ಬೆಲೆ ಬಗ್ಗೆ ಎಚ್ಚರ ಹೇಳಲೇಬೇಕು. ಮೆನುವಿನಲ್ಲಿ ಏಡಿ, ಲಾಬ್‌ಸ್ಟರ್ ಎದುರು ರೂಪಾಯಿ ಇರುವುದಿಲ್ಲ, "ಎಪಿಎಸ್" ಎಂದಿರುತ್ತದೆ. ಆ್ಯಸ್ ಪರ್ ಸೈಜ್, ಅಂದರೆ ಗಾತ್ರಕ್ಕೆ ತಕ್ಕ ಬೆಲೆ. ಮಾಣಿ ಕಾಲು ಕಟ್ಟಿದ ಜೀವಂತ ಏಡಿಯನ್ನು ತಟ್ಟೆಯಲ್ಲಿಟ್ಟು ಟೇಬಲಿಗೇ ತಂದು ತೋರಿಸುತ್ತಾನೆ. ಹುಡುಗರು ಮೊಬೈಲ್ ತೆಗೆದು ವಿಡಿಯೊ ಮಾಡುತ್ತಾರೆ, "ಇದೇ ಇರಲಿ" ಅನ್ನುತ್ತಾರೆ, ರೇಟು ಕೇಳುವುದನ್ನು ಮರೆಯುತ್ತಾರೆ. ಆ ತಟ್ಟೆ ಟೇಬಲಿನಿಂದ ಎದ್ದು ಹೋಗುವ ಮೊದಲೇ ತೂಕ ಎಷ್ಟು, ಒಟ್ಟು ಎಷ್ಟು ಎಂದು ಕೇಳಬೇಕು. ಒಳ್ಳೆಯ ಹೋಟೆಲಿನವರು ಬೇಸರಿಸುವುದಿಲ್ಲ. ಇಬ್ಬರಿಗೆ ಒಂದು ದೊಡ್ಡ ಏಡಿ ಸಾಕು, ಜೊತೆಗೆ ನೀರ್ ದೋಸೆ ಮತ್ತು ತೆಂಗಿನಕಾಯಿ ಮಸಾಲೆಯ ಗಸ್ಸಿ ಹೇಳಿದರೆ ಹೊಟ್ಟೆಯೂ ತುಂಬುತ್ತದೆ, ಬಿಲ್ಲೂ ಹಿಡಿತದಲ್ಲಿರುತ್ತದೆ. ಬೆಣ್ಣೆ-ಬೆಳ್ಳುಳ್ಳಿ ಏಡಿಗೆ ಹೆಸರು ಜಾಸ್ತಿ. ನನ್ನನ್ನು ಕೇಳಿದರೆ ಸುಕ್ಕಾ.

ಶನಿವಾರ ಗೇಟ್‌ವೇ ಕಡೆ ಹೋಗುತ್ತೀರಿ ಎಂದುಕೊಂಡಿದ್ದೇನೆ. ಎಲಿಫೆಂಟಾ ದ್ವೀಪದ ಗುಹೆಗಳು ಅಜ್ಜಿಗೆ ಬೇಡ, ದೋಣಿ ಇಳಿದ ಮೇಲೆ ಮೆಟ್ಟಿಲೇ ಮೆಟ್ಟಿಲು. ಹುಡುಗರು ಹೋಗಿಬರಲಿ, ಉಳಿದವರು ಮ್ಯೂಸಿಯಂ ನೋಡಿ ಅಲ್ಲಿಂದಲೇ ಥಾಳಿ ಊಟಕ್ಕೆ ಹೋಗಬಹುದು. ಕಾಲಾ ಘೋಡಾದ ಚೇತನಾ 1946ರದ್ದು, ಹತ್ತಿರ. ಕಾಳಬಾದೇವಿಯ ಶ್ರೀ ಠಾಕರ್ ಭೋಜನಾಲಯ 1945ರದ್ದು. ತುಪ್ಪ ಸವರಿದ ರೋಟ್ಲಿಗೆ, ಅಂದರೆ ಗುಜರಾತಿ ಚಪಾತಿಗೆ, ಅದಕ್ಕಿಂತ ಒಳ್ಳೆಯ ಜಾಗ ನಾನು ಹೇಳಲಾರೆ, ಆದರೆ ಗಲ್ಲಿಯೊಳಗಿನ ಹಳೆಯ ಕಟ್ಟಡ, ಕಾರು ನಿಲ್ಲಿಸಲು ಜಾಗವಿಲ್ಲ, ಮೆಟ್ಟಿಲು ಹತ್ತಬೇಕು. ಅಜ್ಜಿ ಜೊತೆಗಿದ್ದರೆ ನಾನು ರುಚಿಯನ್ನು ಸ್ವಲ್ಪ ಬಿಟ್ಟುಕೊಟ್ಟು ಮೆಟ್ಟಿಲಿಲ್ಲದ ಕಡೆಗೇ ಹೋಗುತ್ತೇನೆ.

ಬೀಗರಿಗೆ ಗುಜರಾತಿ ಥಾಳಿಯಷ್ಟು ಅನುಕೂಲದ ಊಟ ಇನ್ನೊಂದಿಲ್ಲ. ಆರ್ಡರ್ ಮಾಡುವ ಸಂಕೋಚವಿಲ್ಲ, ಬೆಲೆ ತಲೆಗೆ ಇಷ್ಟು ಎಂದು ಮೊದಲೇ ಗೊತ್ತು, ಉಪಚಾರ ಮಾಡುವ ಕೆಲಸವನ್ನು ಬಡಿಸುವವರೇ ವಹಿಸಿಕೊಳ್ಳುತ್ತಾರೆ. ಆದರೆ ಮೊದಲು ಫರ್ಸಾಣ್ (ಖಾರದ ತಿಂಡಿ), ಪೂರಿ, ಸಿಹಿ ಸುತ್ತು ಬರುತ್ತದೆ, ಅದರಲ್ಲೇ ಹೊಟ್ಟೆ ತುಂಬಿಸಿಕೊಂಡವರು ರೋಟ್ಲಿ ಬರುವಾಗ ಕೈ ತೊಳೆಯಲು ಎದ್ದಿರುತ್ತಾರೆ. ದಾಳ್‌ಗೆ ಬೆಲ್ಲ ಹಾಕಿರುತ್ತಾರೆ, ದಾವಣಗೆರೆಯ ಖಾರದ ನಾಲಿಗೆಗೆ ಸಪ್ಪೆ ಎನ್ನಿಸಬಹುದು. ಹಸಿಮೆಣಸಿನಕಾಯಿ, ಬೇಕೆಂದರೆ ಬೆಳ್ಳುಳ್ಳಿ ಚಟ್ನಿ, ಕೇಳಿದರೆ ಕೊಡುತ್ತಾರೆ. ಸಾಕೆನಿಸಿದಾಗ ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ, ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯಬೇಕು.

ಫೈವ್ ಸ್ಟಾರ್ ಬಫೆ? ನಿಮ್ಮ ಯಜಮಾನರ ಮಾತನ್ನು ಪೂರ್ತಿ ತೆಗೆದುಹಾಕುವುದಿಲ್ಲ. ಅಲ್ಲಿ ಲಿಫ್ಟ್ ಇದೆ, ಬೆನ್ನಿಗೆ ಒರಗುವ ಕುರ್ಚಿ ಇದೆ, ಚೊಕ್ಕ ಶೌಚಾಲಯ ಇದೆ. ಹಳೆಯ ಹೋಟೆಲುಗಳಲ್ಲಿ ಈ ಕೊನೆಯದು ಸಿಗುವುದೇ ಕಷ್ಟ, ಹೆಂಗಸರಿಗೆ ಅದು ಸಣ್ಣ ವಿಷಯವಲ್ಲ. ಆದರೆ ಬಫೆಯಲ್ಲಿ ಅಜ್ಜಿ ತಟ್ಟೆ ಹಿಡಿದು ನಡೆಯಬೇಕು, ಅವರು ತಿನ್ನುವುದು ಹತ್ತರಲ್ಲಿ ಎರಡು, ದುಡ್ಡು ಹತ್ತಕ್ಕೂ. ಮಾಂಸದ ಪಾತ್ರೆಗಳೂ ಅದೇ ಸಾಲಿನಲ್ಲಿ ಇರಬಹುದು. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ಹೋಟೆಲುಗಳ ಊಟದ ಮೇಲೆ ಜಿಎಸ್‌ಟಿ 18%, ಸಾಮಾನ್ಯ ರೆಸ್ಟೋರೆಂಟಿನಲ್ಲಿ 5%. ಮದುವೆಯ ದಿನಾಂಕ, ಕೊಡುಕೊಳ್ಳುವ ಮಾತು ಇವೆಲ್ಲ ನಡೆಯಬೇಕಿದ್ದರೆ ಒಂದು ಸಂಜೆ ಸದ್ದಿಲ್ಲದ, ಎಸಿ ಇರುವ, ಟೇಬಲ್ ಬುಕ್ ಆಗುವ ಸಾಧಾರಣ ಫ್ಯಾಮಿಲಿ ರೆಸ್ಟೋರೆಂಟ್ ಸಾಕು. ದಾದರ್-ಮಾಟುಂಗಾದಲ್ಲೇ ಬೇಕಾದಷ್ಟಿವೆ. ಶನಿವಾರ ಸಂಜೆ ಏಳಕ್ಕೇ ಬುಕ್ ಮಾಡಿ, ಎಂಟೂವರೆಗೆ ಮಾತು ಕೇಳಿಸದಷ್ಟು ಗಲಾಟೆ ಶುರುವಾಗುತ್ತದೆ.

ಮನೆಗೆ ಕರೆಯದೇ ಇದ್ದರೆ ಹೇಗೆ ಎಂಬ ಸಂಕಟವೂ ನಿಮಗಿದ್ದೀತು. ಡೊಂಬಿವಲಿಗೆ ಫಾಸ್ಟ್ ಲೋಕಲ್‌ನಲ್ಲೂ ಮುಕ್ಕಾಲು ಗಂಟೆಯ ಮೇಲೆ, ಭಾನುವಾರ ಹಗಲು ಹಳಿ ದುರಸ್ತಿಗೆಂದು ರೈಲು ಕಡಿತವಾಗುವ ಮೆಗಾ ಬ್ಲಾಕ್ ಬೇರೆ. ಕರೆಯಲೇಬೇಕೆಂದರೆ ಭಾನುವಾರ ಬೆಳಗಿನ ತಿಂಡಿಗೆ, ಏಳೂವರೆಗೆಲ್ಲ ದಾದರ್ ಬಿಡುವ ಹಾಗೆ. ಅಥವಾ ಬೀಗರು, ಬೀಗಿತ್ತಿ ಇಬ್ಬರೇ ಬಂದು ಹೋಗಲಿ.

ಈಗ ಮಾಡಬೇಕಾದ ಕೆಲಸ. ಆರಿಸಿಕೊಂಡ ಹೋಟೆಲಿಗೆ ಅದೇ ವಾರ, ಅದೇ ಹೊತ್ತಿಗೆ ಒಮ್ಮೆ ನೀವಿಬ್ಬರೇ ಹೋಗಿ ಉಂಡು ಬನ್ನಿ. ಮಂಗಳವಾರ ಮೂರಕ್ಕೆ ಖಾಲಿಯಿದ್ದ ಹೋಟೆಲನ್ನು ನೋಡಿ ಶನಿವಾರದ ಒಂದು ಗಂಟೆಗೆ ಲೆಕ್ಕ ಹಾಕಲಾಗದು. ಮೆಟ್ಟಿಲು, ಶೌಚಾಲಯ, ಟೇಬಲ್ ಜೋಡಿಸಿ ಕೊಡುತ್ತಾರೋ, ಟ್ಯಾಕ್ಸಿ ಎಲ್ಲಿಯವರೆಗೆ ಬರುತ್ತದೆ, ಇಷ್ಟು ನೋಡಿ. ಗಲ್ಲಾದಲ್ಲಿ ಕೂತವರನ್ನು ಮೊದಲು ಕನ್ನಡದಲ್ಲೇ ಮಾತಾಡಿಸಿ. ಈ ಊರಿನ ಹೋಟೆಲ್ ಮ್ಯಾನೇಜರುಗಳಲ್ಲಿ ತುಳು-ಕನ್ನಡದವರು ಎಷ್ಟು ಜನ ಎಂದು ನಿಮಗೂ ಗೊತ್ತು. "ಊರಿಂದ ಬೀಗರು ಬರುತ್ತಾರೆ, ಒಬ್ಬರು ಅಜ್ಜಿ ಇದ್ದಾರೆ" ಅಂದರೆ ಬುಕಿಂಗ್ ಇಲ್ಲದ ಹೋಟೆಲಿನಲ್ಲೂ ಒಂದು ಮೂಲೆ ಹೊಂದಿಸಿ ಕೊಡುವ ಮನಸ್ಸು ಬರುತ್ತದೆ.

ಆಗಲೇ ಬಿಲ್ ವಿಷಯವನ್ನೂ ಮುಗಿಸಿಬಿಡಿ. ಕೊನೆಗೆ ಬೀಗರೂ ನಿಮ್ಮ ಯಜಮಾನರೂ ಬಿಲ್ಲಿಗಾಗಿ ಕೈಕೈ ಎಳೆದಾಡುವುದು ನಮ್ಮವರ ಪ್ರತಿ ಟೇಬಲಿನ ಪ್ರಸಂಗ. ಒಂದಿಷ್ಟು ಅಡ್ವಾನ್ಸ್ ಕೊಟ್ಟು, ಬಿಲ್ ಟೇಬಲಿಗೆ ತರುವುದು ಬೇಡ ಎಂದು ಕ್ಯಾಪ್ಟನ್‌ಗೆ ಹೇಳಿಡಿ. ಬಿಲ್ಲಿನಲ್ಲಿ "ಸರ್ವಿಸ್ ಚಾರ್ಜ್" ಎಂದು ತಾನಾಗಿ ಸೇರಿಸಿದ್ದರೆ ತೆಗೆಯಲು ಹೇಳಬಹುದು. ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಬೀಗರ ಎದುರು ಅದಕ್ಕಾಗಿ ಜಗಳ ಮಾತ್ರ ಬೇಡ, ಅಡ್ವಾನ್ಸ್ ಕೊಡುವಾಗಲೇ ಕೇಳಿಕೊಳ್ಳಿ. ಬಡಿಸಿದವನ ಕೈಗೆ ನೇರವಾಗಿ ಟಿಪ್ಸ್ ಕೊಟ್ಟರೆ ಅವನಿಗೂ ಸಂತೋಷ.

ಭಾನುವಾರ ಫೋರ್ಟ್ ಕಡೆ ಊಟಕ್ಕೆ ಹೋಗಬೇಡಿ, ಆಫೀಸಿನ ಪ್ರದೇಶವಾದ್ದರಿಂದ ಹಲವು ಹೋಟೆಲುಗಳಿಗೆ ಬೀಗ. ದಾದರಿನಲ್ಲೇ ಸೀರೆ ಅಂಗಡಿ ಸುತ್ತಿ ಹಗುರಾಗಿ ಉಂಡು, ರಾತ್ರಿ ರೈಲಿಗೆ ಬುತ್ತಿ ಕಟ್ಟಿಸಿ. ಗುಜರಾತಿ ಫರ್ಸಾಣ್ ಅಂಗಡಿಯ ಮೇಥಿ ಥೇಪ್ಲಾ (ಮೆಂತ್ಯ ಸೊಪ್ಪಿನ ಚಪಾತಿ) ಮರುದಿನ ಮಧ್ಯಾಹ್ನದವರೆಗೂ ಕೆಡುವುದಿಲ್ಲ, ಬೀಗರ ಸಕ್ಕರೆಗೂ ಪೂರಿಗಿಂತ ವಾಸಿ. ಬೆಳ್ಳುಳ್ಳಿ ಹಾಕಿಲ್ಲವಲ್ಲ ಎಂದು ಅಜ್ಜಿಗಾಗಿ ಕೇಳಿ ತೆಗೆದುಕೊಳ್ಳಿ. ಇಡ್ಲಿ ಕಟ್ಟಿಸುವುದಾದರೆ ತೆಂಗಿನಕಾಯಿ ಚಟ್ನಿ ಬೇಡ, ನಿಮ್ಮ ಮನೆಯ ಶೇಂಗಾ ಚಟ್ನಿಪುಡಿಗೆ ಎಣ್ಣೆ ಕಲಸಿ ಬೇರೆ ಡಬ್ಬಿಯಲ್ಲಿ ಹಾಕಿ ಕೊಡಿ.